ಹದಿನೆಂಟು ಡೆಕ್ಕಿನ ಹಡಗಿನಲ್ಲಿ ಮೊಣಕಾಲು ನೋವಿನ ಅತ್ತೆಯವರು ಓಡಾಡಬಹುದೇ?

ಪ್ರಶ್ನೆ: ನಾವು ಕಲಬುರಗಿಯ ಬ್ರಹ್ಮಪುರದವರು. ಮಕ್ಕಳ ರಜೆಯಲ್ಲಿ ಸಿಂಗಪುರದಿಂದ ಹೊರಡುವ ನಾಲ್ಕು ರಾತ್ರಿಗಳ ಕ್ರೂಸ್ ಪ್ರವಾಸಕ್ಕೆ ಮನೆಮಂದಿಯೆಲ್ಲ ಹೋಗಬೇಕೆಂದಿದ್ದೇವೆ. ಅತ್ತೆಯವರಿಗೆ 70 ದಾಟಿದೆ, ಎರಡೂ ಮೊಣಕಾಲು ಸವೆದಿವೆ, ಕೋಲು ಹಿಡಿದು ನಡೆಯುತ್ತಾರೆ. ಮಾವನವರು ಗಟ್ಟಿಯಾಗಿದ್ದಾರೆ, ಆದರೆ ಅವರಿಗೆ ಇಂಗ್ಲಿಷ್ ಓದಲು ಬಾರದು. ಮಕ್ಕಳಿಗೆ 12 ಮತ್ತು 8 ವರ್ಷ. ಹಡಗಿಗೆ 18 ಡೆಕ್‌ಗಳು, ಅಂದರೆ ಮಹಡಿಗಳು, ಇವೆಯಂತೆ. ಏಜೆಂಟರು ‘ಎಲ್ಲ ಕಡೆ ಲಿಫ್ಟ್ ಇದೆ, ಚಿಂತೆ ಬೇಡ’ ಎನ್ನುತ್ತಾರೆ. ಇದನ್ನು ನಂಬಿ ಹೊರಡಬಹುದೇ? ಯಾವ ಕ್ಯಾಬಿನ್ ತೆಗೆದುಕೊಳ್ಳಬೇಕು? ದಾರಿ ತಪ್ಪಿದರೆ ಏನು ಮಾಡುವುದು? ಅವಘಡವಾದರೆ ಅತ್ತೆಯವರನ್ನು ಕೆಳಗಿಳಿಸುವುದು ಹೇಗೆ?

ಉತ್ತರ: ಹೊರಡಬಹುದು. ಕೋಲು ಹಿಡಿದು ನಡೆಯುವವರು, ಗಾಲಿಕುರ್ಚಿಯಲ್ಲಿ ಕುಳಿತವರು ಇಂಥ ಹಡಗುಗಳಲ್ಲಿ ಸುಖವಾಗಿ ಪ್ರವಾಸ ಮಾಡಿ ಬರುವುದನ್ನು ಹಡಗಿನ ಸ್ವಾಗತ ವಿಭಾಗದಲ್ಲಿ ದುಡಿದ ಕಾಲದಲ್ಲಿ ನಾನು ನಿತ್ಯ ಕಂಡಿದ್ದೇನೆ. ಆದರೆ ನಿಮ್ಮ ಏಜೆಂಟರ ಮಾತು ಅರ್ಧ ಮಾತ್ರ ನಿಜ. ಲಿಫ್ಟ್‌ಗಳು ಇರುವುದು ನಿಜ. ಪ್ರತಿಯೊಂದು ಲಿಫ್ಟೂ ಎಲ್ಲ ಕಡೆಗೂ ಹೋಗುತ್ತದೆ ಎಂಬುದು ನಿಜವಲ್ಲ. ಬೆಂಕಿ ಅಥವಾ ಇನ್ನಾವುದೇ ತುರ್ತಿನಲ್ಲಿ ಲಿಫ್ಟ್ ಬಳಸುವಂತೆಯೇ ಇಲ್ಲ ಎಂಬುದನ್ನು ಅವರು ನಿಮಗೆ ಹೇಳಿಲ್ಲ. ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ಯಾಬಿನ್ ಆರಿಸಿದರೆ ಅತ್ತೆಯವರ ತೊಂದರೆಯ ದೊಡ್ಡ ಪಾಲು ಕಲಬುರಗಿಯಲ್ಲಿರುವಾಗಲೇ ಪರಿಹಾರವಾಗುತ್ತದೆ; ಹಡಗು ಹತ್ತಿದ ಮೇಲೆ ಪರಿಹರಿಸಲು ಹೊರಟರೆ ಹಡಗು ಭರ್ತಿಯಾಗಿರುತ್ತದೆ, ಕ್ಯಾಬಿನ್ ಬದಲಿಸಿಕೊಡುವುದು ಬಹುತೇಕ ಆಗದ ಮಾತು.

ಮೊದಲು 18 ಎಂಬ ಸಂಖ್ಯೆಯ ಭಯವನ್ನು ಬಿಡಿ. ಡೆಕ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುತ್ತಾರೆ, ಮತ್ತು ಕೆಳಗಿನ ಕೆಲವು ಡೆಕ್‌ಗಳು ಎಂಜಿನ್, ಉಗ್ರಾಣ, ಸಿಬ್ಬಂದಿಯ ವಸತಿಗೆ ಮೀಸಲಾಗಿರುವುದರಿಂದ ಪ್ರಯಾಣಿಕರು ಅಲ್ಲಿಗೆ ಕಾಲಿಡುವುದೇ ಇಲ್ಲ. 13 ಅಶುಭವೆಂಬ ಪಾಶ್ಚಾತ್ಯರ ನಂಬಿಕೆಯಿಂದಾಗಿ ಅನೇಕ ಹಡಗುಗಳಲ್ಲಿ 12ರ ಮೇಲೆ ನೇರವಾಗಿ 14 ಬರುತ್ತದೆ. ಉಳಿದವುಗಳಲ್ಲಿ ನಿಮಗೆ ದಿನನಿತ್ಯ ಬೇಕಾಗುವುದು ನಿಮ್ಮ ಕ್ಯಾಬಿನ್ ಇರುವ ಡೆಕ್, ಊಟದ ಸಭಾಂಗಣದ ಡೆಕ್, ಬಫೆ ಮತ್ತು ಈಜುಕೊಳ ಇರುವ ಮೇಲಿನ ಡೆಕ್, ನಾಟಕಶಾಲೆ ಮತ್ತು ಸ್ವಾಗತ ಕಟ್ಟೆ ಇರುವ ನಡುವಿನ ಒಂದೆರಡು ಡೆಕ್, ಇಷ್ಟೇ. ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಸಂಸ್ಥೆಯ ‘ಎಂಪ್ರೆಸ್’ 1990ರಲ್ಲಿ ಕಟ್ಟಿದ, ಸುಮಾರು 211 ಮೀಟರ್ ಉದ್ದದ, 11 ಡೆಕ್‌ಗಳ ಹಡಗು. 2024ರ ಜನವರಿಯಲ್ಲಿ ಪ್ರಯಾಣ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ 365 ಮೀಟರ್ ಉದ್ದದ, 20 ಡೆಕ್‌ಗಳ ಹಡಗು. ನಿಮ್ಮದು ದೊಡ್ಡದರ ಸಾಲಿಗೇ ಸೇರುತ್ತದೆ. ಇಂಥ ಹಡಗಿನಲ್ಲಿ ಅತ್ತೆಯವರನ್ನು ದಣಿಸುವುದು ಎತ್ತರಕ್ಕಿಂತ ಹೆಚ್ಚಾಗಿ ಉದ್ದ. ಎತ್ತರಕ್ಕೆ ಲಿಫ್ಟ್ ಇದೆ, ಉದ್ದಕ್ಕೆ ಕಾಲೇ ಗತಿ. ವಿಚಾರಿಸುವವರೆಲ್ಲ ಡೆಕ್‌ಗಳ ಸಂಖ್ಯೆಯನ್ನು ಕೇಳುತ್ತಾರೆ, ಓಣಿಯ ಉದ್ದವನ್ನು ಯಾರೂ ಕೇಳುವುದಿಲ್ಲ.

ಹಡಗಿನ ಒಳರಚನೆ ತಿಳಿದರೆ ಮುಂದಿನದೆಲ್ಲ ಸುಲಭ. ಸಮುದ್ರದಲ್ಲಿ ಜೀವರಕ್ಷಣೆಗಾಗಿ ರಾಷ್ಟ್ರಗಳು ಮಾಡಿಕೊಂಡಿರುವ ‘ಸೋಲಾಸ್’ ಒಪ್ಪಂದದ ಪ್ರಕಾರ ಪ್ರಯಾಣಿಕರ ಹಡಗನ್ನು ಉದ್ದಕ್ಕೂ ಬೆಂಕಿ ತಡೆಯುವ ಉಕ್ಕಿನ ಅಡ್ಡಗೋಡೆಗಳಿಂದ ವಲಯಗಳಾಗಿ ವಿಂಗಡಿಸಬೇಕು; ಒಂದು ವಲಯದ ಉದ್ದ ಸಾಮಾನ್ಯವಾಗಿ 40 ಮೀಟರ್, ಕೆಲವು ಷರತ್ತುಗಳ ಮೇಲೆ 48 ಮೀಟರ್ ಮೀರುವಂತಿಲ್ಲ. ಹೀಗಾಗಿ 330 ಮೀಟರ್ ಉದ್ದದ ಹಡಗಿನಲ್ಲಿ ಕನಿಷ್ಠ ಏಳು ವಲಯಗಳಾದರೂ ಇರುತ್ತವೆ, ಮತ್ತು ಪ್ರತಿ ವಲಯದಿಂದಲೂ ಪಾರಾಗಲು ಮೆಟ್ಟಿಲುಗಳ ದಾರಿ ಇರಲೇಬೇಕು. ಲಿಫ್ಟ್‌ಗಳಿಗೆ ಅಂಥ ನಿಯಮವಿಲ್ಲ. ಅವುಗಳನ್ನು ಎರಡು ಅಥವಾ ಮೂರು ಕಡೆ ಗುಂಪಾಗಿ, ಮುಖ್ಯ ಮೆಟ್ಟಿಲುಗಳ ಸುತ್ತ ಇಟ್ಟಿರುತ್ತಾರೆ: ಮುಂಭಾಗದ ಗುಂಪು, ಹಿಂಭಾಗದ ಗುಂಪು, ಹಲವು ಹಡಗುಗಳಲ್ಲಿ ನಡುಭಾಗದ ಗುಂಪು. ಓಣಿಯಲ್ಲಿ ನಡೆಯುವಾಗ ಅಲ್ಲಲ್ಲಿ ಗೋಡೆಗೆ ಒರಗಿಸಿ ಅಯಸ್ಕಾಂತದಿಂದ ಹಿಡಿದಿಟ್ಟ ದಪ್ಪ ಬಾಗಿಲುಗಳು ಕಾಣುತ್ತವೆ. ಅವು ವಲಯದ ಗಡಿಯಲ್ಲಿರುವ ಬೆಂಕಿ ಬಾಗಿಲುಗಳು, ಅಪಾಯದ ಸೂಚನೆ ಬಂದಾಗ ತಾವಾಗಿ ಮುಚ್ಚಿಕೊಳ್ಳುತ್ತವೆ. ಅವುಗಳಿಗೆ ಒರಗಿ ನಿಲ್ಲಬಾರದೆಂದು ಮಕ್ಕಳಿಗೆ ಹೇಳಿಡಿ.

ಎಲ್ಲ ಡೆಕ್‌ಗಳಲ್ಲೂ ಮುಂಭಾಗದಿಂದ ಹಿಂಭಾಗದವರೆಗೆ ಸರಾಗವಾಗಿ ನಡೆದುಹೋಗಲು ಬರುವುದಿಲ್ಲ ಎಂಬುದು ಹೊಸಬರನ್ನು ಅತಿ ಹೆಚ್ಚು ಕಾಡಿಸುವ ಸಂಗತಿ. ಕ್ಯಾಬಿನ್‌ಗಳೇ ತುಂಬಿರುವ ಡೆಕ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬದಿಗಳಲ್ಲೂ ಉದ್ದನೆಯ ಓಣಿ ತಡೆಯಿಲ್ಲದೆ ಸಾಗುತ್ತದೆ. ಆದರೆ ಊಟದ ಸಭಾಂಗಣ, ನಾಟಕಶಾಲೆ ಇರುವ ಡೆಕ್‌ಗಳಲ್ಲಿ ಅವು ಹಡಗಿನ ಅಗಲವನ್ನೆಲ್ಲ ಆಕ್ರಮಿಸಿರುತ್ತವೆ, ಅಥವಾ ನಡುವೆ ದೊಡ್ಡ ಅಡುಗೆಮನೆ ಬಂದು ದಾರಿಯನ್ನೇ ಕತ್ತರಿಸಿರುತ್ತದೆ. ಊಟದ ಸಭಾಂಗಣ ಹಿಂಭಾಗದಲ್ಲಿದ್ದು, ನೀವು ನಡುಭಾಗದ ಲಿಫ್ಟ್ ಹಿಡಿದು ಅದೇ ಡೆಕ್ಕಿನಲ್ಲಿ ಇಳಿದಿರಿ ಎನ್ನೋಣ. ಡೆಕ್ ಸರಿಯಾಗಿಯೇ ಇದೆ, ಆದರೆ ಎದುರಿಗೆ ಗೋಡೆ. ಮತ್ತೆ ಲಿಫ್ಟ್ ಹತ್ತಿ, ಕ್ಯಾಬಿನ್‌ಗಳ ಡೆಕ್ಕಿಗೆ ಬಂದು, ಹಿಂಭಾಗದವರೆಗೆ ನಡೆದು, ಅಲ್ಲಿನ ಲಿಫ್ಟಿನಲ್ಲಿ ಇಳಿಯಬೇಕು. ಗಟ್ಟಿ ಕಾಲಿನವರಿಗೆ ಇದು ಹತ್ತು ನಿಮಿಷದ ಕಿರಿಕಿರಿ. ನಿಮ್ಮ ಅತ್ತೆಯವರಿಗೆ ಆ ರಾತ್ರಿಯ ಊಟದ ಮೇಲಿನ ಆಸೆಯೇ ಹೋಗುವಷ್ಟು ಆಯಾಸ. ಆದ್ದರಿಂದ ಮನೆಮಂದಿಯೆಲ್ಲ ಒಂದು ಕ್ರಮವನ್ನು ರೂಢಿಸಿಕೊಳ್ಳಿ: ಮೊದಲು ಉದ್ದ, ಆಮೇಲೆ ಎತ್ತರ. ಹೋಗಬೇಕಾದ ಜಾಗ ಮುಂದಿದೆಯೋ ನಡುವಿದೆಯೋ ಹಿಂದಿದೆಯೋ ಎಂಬುದನ್ನು ಮೊದಲು ನಿಶ್ಚಯಿಸಿ, ನಿಮ್ಮ ಕ್ಯಾಬಿನ್ ಇರುವ ಡೆಕ್ಕಿನಲ್ಲೇ ಆ ಲಿಫ್ಟ್ ಗುಂಪಿನವರೆಗೆ ನಡೆದು, ಆಮೇಲೆ ಮಾತ್ರ ಹತ್ತಿ ಅಥವಾ ಇಳಿಯಿರಿ.

ಇನ್ನು ಕ್ಯಾಬಿನ್ನಿನ ಮಾತು. ಏಜೆಂಟರು ಬೆಲೆ ಮತ್ತು ಬಾಲ್ಕನಿಯ ವಿಷಯ ಹೇಳುತ್ತಾರೆ. ನೀವು ಹಡಗಿನ ಡೆಕ್ ನಕ್ಷೆಯನ್ನು ಕೇಳಿ ಪಡೆಯಿರಿ. ಪ್ರತಿ ಸಂಸ್ಥೆಯ ಜಾಲತಾಣದಲ್ಲೂ ಅದು ಉಚಿತವಾಗಿ ಸಿಗುತ್ತದೆ. ಎಲ್ಲ ಡೆಕ್‌ಗಳ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಮಾಡಿಸಿ, ಲಿಫ್ಟ್ ಗುಂಪುಗಳನ್ನು ಬಣ್ಣದ ಪೆನ್ನಿನಿಂದ ಗುರುತಿಸಿ. ಊಟದ ಸಭಾಂಗಣ ಯಾವ ಗುಂಪಿಗೆ ಹತ್ತಿರ, ಬಫೆ ಯಾವುದಕ್ಕೆ ಹತ್ತಿರ ಎಂದು ನೋಡಿ. ನಿಮ್ಮ ಮನೆಯವರು ಸಸ್ಯಾಹಾರಿಗಳಾಗಿದ್ದು, ಭಾರತೀಯ ಊಟ ಬಡಿಸುವ ಜಾಗ ಬೇರೆಯಾಗಿದ್ದರೆ ಅದನ್ನೂ ಗುರುತಿಸಿ, ಏಕೆಂದರೆ ಅತ್ತೆಯವರು ದಿನಕ್ಕೆ ಮೂರು ಸಲ ಹೋಗಿಬರುವ ದಾರಿ ಅದೇ. ಆ ಗುಂಪಿನಿಂದ ಏಳೆಂಟು ಬಾಗಿಲುಗಳ ಒಳಗೆ ಸಿಗುವ ಕ್ಯಾಬಿನ್ನನ್ನೇ ಕೇಳಿ. ಲಿಫ್ಟಿಗೆ ತೀರ ಅಂಟಿಕೊಂಡಿರುವ ಕ್ಯಾಬಿನ್ ಬೇಡ. ರಾತ್ರಿ ಗುಂಪುಗುಂಪಾಗಿ ಬರುವವರ ಮಾತಿಗೆ ನಿದ್ದೆ ಕೆಡುತ್ತದೆ.

‘ನಡುಭಾಗದ ಕ್ಯಾಬಿನ್ ತೆಗೆದುಕೊಳ್ಳಿ’ ಎಂಬ ಸಾಮಾನ್ಯ ಸಲಹೆಯನ್ನು ನೀವೂ ಕೇಳಿರಬಹುದು. ಅಲ್ಲಿ ಹಡಗಿನ ತೂಗಾಟ ಕಡಿಮೆ ಎಂಬುದು ನಿಜ. ಆದರೆ ನಡುಭಾಗದಲ್ಲಿ ಲಿಫ್ಟ್ ಇದ್ದಾಗ ಮಾತ್ರ ಆ ಸಲಹೆ ನಿಮಗೆ ಹೊಂದುತ್ತದೆ. 2009ರಲ್ಲಿ ಬಂದ ‘ಓಯಸಿಸ್ ಆಫ್ ದಿ ಸೀಸ್’ ಹಡಗಿನಲ್ಲಿ ಪ್ರಯಾಣಿಕರ ಲಿಫ್ಟ್‌ಗಳು 24 ಇವೆ, ಆದರೂ ಅವು ಮುಖ್ಯವಾಗಿ ಮುಂದೊಂದು ಹಿಂದೊಂದು ಗುಂಪಾಗಿವೆ. ನಡುವೆ ಎಂಟನೇ ಡೆಕ್ಕಿನಲ್ಲಿ ಆಕಾಶಕ್ಕೆ ತೆರೆದ ಉದ್ಯಾನವೇ ಇರುವುದರಿಂದ ಲಿಫ್ಟ್ ಕಂಬಗಳನ್ನು ಅಲ್ಲಿ ಎಬ್ಬಿಸಲು ಜಾಗವಿಲ್ಲ. ಅಂಥ ರಚನೆಯ ಹಡಗಿನಲ್ಲಿ ನಟ್ಟನಡುವಿನ ಕ್ಯಾಬಿನ್ ಎಂದರೆ ಎರಡೂ ಲಿಫ್ಟ್ ಗುಂಪುಗಳಿಂದ ದೂರದ ಕ್ಯಾಬಿನ್. ಒಂದೊಂದು ಸಲಕ್ಕೂ ಉದ್ದನೆಯ ಓಣಿಯಲ್ಲಿ ನಡೆಯಬೇಕಾದೀತು. ನಕ್ಷೆ ನೋಡದೆ ಹಣ ಕಟ್ಟಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಡೆಕ್ಕಿನ ಆಯ್ಕೆ ಬಂದರೆ ಎತ್ತರದ ನೋಟಕ್ಕಿಂತ ಊಟದ ಸಭಾಂಗಣಕ್ಕೆ ಎರಡು ಮೂರು ಡೆಕ್ ಮೇಲಿರುವ ಕ್ಯಾಬಿನ್ ವಾಸಿ. ತುರ್ತಿನಲ್ಲಿ ಇಳಿಯಬೇಕಾದ ಮೆಟ್ಟಿಲುಗಳೂ ಅಲ್ಲಿಂದ ಕಡಿಮೆಯಾಗುತ್ತವೆ.

ಗಾಲಿಕುರ್ಚಿ ಬಳಸುವ ಯೋಚನೆ ಇದ್ದರೆ ಇನ್ನೊಂದು ಸೂಕ್ಷ್ಮವಿದೆ. ಸಾಮಾನ್ಯ ಕ್ಯಾಬಿನ್ನಿನ ಬಾಗಿಲು ಕಿರಿದು, ಬಹಳಷ್ಟು ಗಾಲಿಕುರ್ಚಿಗಳು ಅದರಲ್ಲಿ ನುಗ್ಗುವುದಿಲ್ಲ. ಸ್ನಾನದ ಮನೆಗೆ ಎತ್ತರದ ಹೊಸ್ತಿಲೂ ಇರುತ್ತದೆ. ಅಗಲ ಬಾಗಿಲಿನ, ಹೊಸ್ತಿಲಿಲ್ಲದ, ಗೋಡೆಗೆ ಹಿಡಿಕಂಬಿ ಹಾಕಿದ ವಿಶೇಷ ಕ್ಯಾಬಿನ್‌ಗಳು ಪ್ರತಿ ಹಡಗಿನಲ್ಲೂ ಕೆಲವೇ ಇರುವುದರಿಂದ ಬೇಗ ಮುಗಿದುಹೋಗುತ್ತವೆ. ಹಡಗಿನಲ್ಲಿರುವ ಗಾಲಿಕುರ್ಚಿಗಳನ್ನು ಸಾಮಾನ್ಯವಾಗಿ ಹತ್ತಿಸಲು, ಇಳಿಸಲು ಮಾತ್ರ ಕೊಡುತ್ತಾರೆ, ನಾಲ್ಕು ದಿನ ಇಟ್ಟುಕೊಳ್ಳಲು ಕೊಡುವುದಿಲ್ಲ. ಮಡಚುವ ಹಗುರ ಕುರ್ಚಿಯೊಂದನ್ನು ಮನೆಯಿಂದಲೇ ಒಯ್ಯುವುದು ಒಳ್ಳೆಯದು. ಹೈದರಾಬಾದ್ ವಿಮಾನ ನಿಲ್ದಾಣದ ಉದ್ದನೆಯ ನಡಿಗೆಗೆ ವಿಮಾನ ಸಂಸ್ಥೆಯವರೇ ಗಾಲಿಕುರ್ಚಿ ಕೊಡುತ್ತಾರೆ, ಟಿಕೆಟ್ ಮಾಡಿಸುವಾಗಲೇ ಕೇಳಿಕೊಳ್ಳಿ. ಕೋಲು ಹಿಡಿದು ನಡೆಯಬಲ್ಲವರಿಗೆ ಗಾಲಿಕುರ್ಚಿ ಯಾಕೆ ಎಂದು ಅತ್ತೆಯವರು ಸಂಕೋಚ ಪಡಬಹುದು. ನಾಲ್ಕು ದಿನದ ನಡಿಗೆಯನ್ನು ಮೊದಲ ದಿನವೇ ನಡೆದು ಮುಗಿಸುವುದು ಜಾಣತನವಲ್ಲ ಎಂದು ಮಾವನವರ ಬಾಯಿಂದಲೇ ಹೇಳಿಸಿ.

ಲಿಫ್ಟ್‌ಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹಡಗಿನಲ್ಲಿ ಲಿಫ್ಟ್ ಹೊಸದೇನಲ್ಲ. 1912ರ ಟೈಟಾನಿಕ್‌ನಲ್ಲೂ ಮೊದಲ ದರ್ಜೆಯವರಿಗೆ ಮೂರು, ಎರಡನೇ ದರ್ಜೆಯವರಿಗೆ ಒಂದು ಲಿಫ್ಟ್ ಇದ್ದವು, ಮೂರನೇ ದರ್ಜೆಯವರಿಗೆ ಮೆಟ್ಟಿಲು ಮಾತ್ರ. ಈಗ ಅಂಥ ಭೇದವಿಲ್ಲ, ಆದರೆ ಲಿಫ್ಟ್‌ಗಳ ನಡುವೆ ಭೇದವಿದೆ. ನಡುವಿನ ದೊಡ್ಡ ಹಜಾರದಲ್ಲಿ ಹೊಳೆಯುವ ಗಾಜಿನ ಲಿಫ್ಟ್‌ಗಳು ಹಲವು ಹಡಗುಗಳಲ್ಲಿ ಕೆಲವೇ ಡೆಕ್‌ಗಳಿಗೆ ಓಡಾಡುತ್ತವೆ. ಅತಿ ಮೇಲಿನ ಡೆಕ್ಕಿಗೂ, ಹಡಗಿನ ಆಸ್ಪತ್ರೆ ಮತ್ತು ಹೊರಹೋಗುವ ಬಾಗಿಲು ಇರುವ ಕೆಳಗಿನ ಡೆಕ್ಕಿಗೂ ಕೆಲವು ಲಿಫ್ಟ್‌ಗಳು ಮಾತ್ರ ಹೋಗುತ್ತವೆ. ಆಸ್ಪತ್ರೆಗೆ ಹೋಗುವ ಲಿಫ್ಟ್ ಯಾವುದೆಂದು ಮೊದಲ ದಿನವೇ ಸ್ವಾಗತ ಕಟ್ಟೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಕಾಯುವ ಹೊತ್ತು ದಿನವಿಡೀ ಒಂದೇ ಸಮನಾಗಿರುವುದಿಲ್ಲ. ಹಡಗು ಹತ್ತುವ ದಿನದ ಮಧ್ಯಾಹ್ನ ಅತ್ಯಂತ ಕೆಟ್ಟ ಸಮಯ, ಏಕೆಂದರೆ ಕ್ಯಾಬಿನ್ ಇನ್ನೂ ಸಿದ್ಧವಾಗದ ಸಾವಿರಾರು ಜನ ಕೈಚೀಲಗಳೊಂದಿಗೆ ಮೇಲಿನ ಬಫೆಗೆ ಹೊರಟಿರುತ್ತಾರೆ. ರಾತ್ರಿಯ ಊಟದ ಪಾಳಿ ಆರಂಭವಾಗುವಾಗ, ನಾಟಕಶಾಲೆಯ ಪ್ರದರ್ಶನ ಮುಗಿದಾಗ, ಬಂದರಿಗೆ ಬಂದು ಇಳಿಯಲು ಅನುಮತಿ ಕೊಟ್ಟ ಮೊದಲ ಅರ್ಧ ಗಂಟೆಯಲ್ಲಿ ಹೀಗೆಯೇ ನೂಕುನುಗ್ಗಲು. ಈ ಹೊತ್ತುಗಳಿಂದ ಅತ್ತೆಯವರನ್ನು ಇಪ್ಪತ್ತು ನಿಮಿಷ ಈಚೆಗೋ ಆಚೆಗೋ ಸರಿಸಿದರೆ ಸಾಕು. ಪ್ರದರ್ಶನ ಮುಗಿದ ಮೇಲೆ ಕುರ್ಚಿಯಲ್ಲೇ ಕುಳಿತಿರಲಿ, ಜನ ಕರಗಿದ ಮೇಲೆ ಏಳಲಿ. ಬಹಳ ಹೊತ್ತು ನಿಂತು ಕಾಯುವುದೂ ಮೊಣಕಾಲಿಗೆ ನೋವು ಕೊಡುತ್ತದೆ. ಲಿಫ್ಟಿನ ಮುಂದಿನ ಪಡಸಾಲೆಯಲ್ಲಿ ಆಸನವಿದ್ದರೆ ಅವರು ಕುಳಿತಿರಲಿ, ಬಾಗಿಲು ತೆರೆದಾಗ ನೀವು ತಡೆದು ನಿಲ್ಲಿಸಿ.

ಮೇಲೆ ಹೋಗುವವರು ಮೇಲಿನ ಗುಂಡಿಯನ್ನು ಮಾತ್ರ ಒತ್ತಬೇಕು. ಬೇಗ ಬರಲೆಂದು ಎರಡನ್ನೂ ಒತ್ತಿದರೆ ಬೇಡದ ಲಿಫ್ಟೂ ಬಂದು ನಿಂತು ಎಲ್ಲರ ಸಮಯ ಹಾಳಾಗುತ್ತದೆ. ಮಕ್ಕಳು ಈ ಕೆಲಸವನ್ನು ಬಹಳ ಇಷ್ಟಪಟ್ಟು ಮಾಡುತ್ತಾರೆ, ಅವರಿಗೆ ಮೊದಲೇ ಹೇಳಿ. ಬಂದ ಲಿಫ್ಟ್‌ಗಳೆಲ್ಲ ತುಂಬಿಕೊಂಡೇ ಮೇಲೆ ಹೋಗುತ್ತಿದ್ದರೆ, ಕೋಲು ಹಿಡಿದವರು ಕೆಳಗೆ ಹೋಗುವ ಖಾಲಿ ಲಿಫ್ಟನ್ನೇ ಹತ್ತಿ, ಅದು ಕೆಳಮುಟ್ಟಿ ತಿರುಗಿದಾಗ ಅದರಲ್ಲೇ ಮೇಲೆ ಬರುವುದರಲ್ಲಿ ತಪ್ಪಿಲ್ಲ. ಆರೋಗ್ಯವಂತರು ಹಾಗೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಕೆಲವು ಹೊಸ ಹಡಗುಗಳಲ್ಲಿ ಲಿಫ್ಟಿನ ಒಳಗೆ ಗುಂಡಿಗಳೇ ಇರುವುದಿಲ್ಲ: ಹೊರಗಿನ ಫಲಕದಲ್ಲಿ ಹೋಗಬೇಕಾದ ಡೆಕ್ಕಿನ ಸಂಖ್ಯೆ ಒತ್ತಿದರೆ ಯಾವ ಲಿಫ್ಟ್ ಹತ್ತಬೇಕೆಂಬುದನ್ನು ಅಕ್ಷರದಲ್ಲಿ ತೋರಿಸುತ್ತದೆ. ಅಲ್ಲಿ ಗುಂಪಿನಲ್ಲಿ ಒಬ್ಬರೇ ಒತ್ತಿ, ತೋರಿಸಿದ ಬಾಗಿಲಿನ ಮುಂದೆಯೇ ನಿಲ್ಲಬೇಕು. ಮೊದಲು ತೆರೆದದ್ದಕ್ಕೆ ನುಗ್ಗಿದರೆ ಅದು ನಿಮ್ಮ ಡೆಕ್ಕಿನಲ್ಲಿ ನಿಲ್ಲದೇ ಹೋಗಬಹುದು.

ಈಗ ಮೆಟ್ಟಿಲು. ಒಂದು ಡೆಕ್ಕಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 16ರಿಂದ 18 ಮೆಟ್ಟಿಲುಗಳಿದ್ದು, ಅರ್ಧದಲ್ಲಿ ನಿಂತು ಉಸಿರಾಡಲು ಅಗಲವಾದ ಕಟ್ಟೆಯಿರುತ್ತದೆ. ಬೀದರಿನ ಹಳೆ ಊರಿನ ಚೌಬಾರಾವನ್ನು ಹತ್ತಿದವರಿಗೆ ಅದರೊಳಗಿನ 80 ಸುತ್ತು ಮೆಟ್ಟಿಲುಗಳು ನೆನಪಿರುತ್ತವೆ. ಹಡಗಿನಲ್ಲಿ ಐದು ಡೆಕ್ ಹತ್ತಿದರೆ ಹೆಚ್ಚುಕಡಿಮೆ ಅಷ್ಟೇ ಮೆಟ್ಟಿಲು ಹತ್ತಿದಂತೆ, ಆದರೆ ಇವು ತಗ್ಗಾಗಿ, ಅಗಲವಾಗಿ, ಎರಡೂ ಬದಿಗೆ ಹಿಡಿಕಂಬಿಯೊಂದಿಗೆ ಇರುತ್ತವೆ. ನೀವು, ನಿಮ್ಮ ಯಜಮಾನರು, ಮಕ್ಕಳು, ಮಾವನವರು ಎರಡು ಮೂರು ಡೆಕ್‌ಗಳ ಅಂತರಕ್ಕೆ ಮೆಟ್ಟಿಲನ್ನೇ ಬಳಸಿ. ಬಹಳಷ್ಟು ಸಲ ಲಿಫ್ಟಿಗಿಂತ ಮೊದಲು ತಲುಪುತ್ತೀರಿ, ಮತ್ತು ಲಿಫ್ಟಿನ ಜಾಗ ನಿಜವಾಗಿ ಬೇಕಾದವರಿಗೆ ಸಿಗುತ್ತದೆ.

‘ಹತ್ತುವುದಕ್ಕೆ ಲಿಫ್ಟ್, ಇಳಿಯುವುದಕ್ಕೆ ಮೆಟ್ಟಿಲು’ ಎಂದು ಹಲವರು ಬುದ್ಧಿ ಹೇಳುತ್ತಾರೆ. ಏದುಸಿರು ಬರುವವರಿಗೆ ಅದು ಸರಿ. ಮೊಣಕಾಲು ಸವೆದವರಲ್ಲಿ ಅನೇಕರಿಗೆ ಇಳಿಯುವಾಗಲೇ ನೋವು ಹೆಚ್ಚು, ಏಕೆಂದರೆ ಮೈಭಾರವನ್ನೆಲ್ಲ ಮಡಚಿದ ಒಂದೇ ಮೊಣಕಾಲಿನ ಮೇಲೆ ತಡೆದು ಇಳಿಸಬೇಕಾಗುತ್ತದೆ. ಆದ್ದರಿಂದ ಅತ್ತೆಯವರು ಎರಡಕ್ಕೂ ಲಿಫ್ಟನ್ನೇ ಬಳಸಲಿ. ಅನಿವಾರ್ಯವಾದಾಗ ಮೆಟ್ಟಿಲು ಬಳಸುವ ಕ್ರಮವನ್ನು ಹೊರಡುವ ಮೊದಲು ಮನೆಯಲ್ಲೇ ಅಭ್ಯಾಸ ಮಾಡಿಸಿ: ಹತ್ತುವಾಗ ನೋವು ಕಡಿಮೆ ಇರುವ ಕಾಲು ಮೊದಲು, ಇಳಿಯುವಾಗ ನೋವು ಹೆಚ್ಚಿರುವ ಕಾಲು ಮೊದಲು, ಒಂದು ಕೈ ಹಿಡಿಕಂಬಿಯ ಮೇಲೆ, ಕೋಲು ಇನ್ನೊಂದು ಕೈಯಲ್ಲಿ, ಪ್ರತಿ ಮೆಟ್ಟಿಲಲ್ಲೂ ಎರಡು ಪಾದಗಳನ್ನು ಕೂಡಿಸಿ ನಿಂತು ಮುಂದಿನದು. ಅವರನ್ನು ನೋಡುತ್ತಿರುವ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಒಮ್ಮೆ ಕಂಡು ಇದನ್ನು ಅವರೆದುರೇ ಮಾಡಿಸಿ ನೋಡಿದರೆ ಇನ್ನೂ ಒಳ್ಳೆಯದು. ನಮ್ಮ ಕಡೆಯ ಹಿರಿಯರು ಹೆಚ್ಚಾಗಿ ನೆಲಮಟ್ಟದ ಮನೆಗಳಲ್ಲಿ ಬಾಳಿದವರು, ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವಾಗ ಗಾಬರಿಯಾಗುವವರೂ ಇದ್ದಾರೆ. ಕಲಬುರಗಿಯ ಯಾವುದಾದರೂ ದೊಡ್ಡ ಆಸ್ಪತ್ರೆಯಲ್ಲೋ ಅಂಗಡಿ ಸಂಕೀರ್ಣದಲ್ಲೋ ಕೆಲವು ಸಲ ಹತ್ತಿಸಿ ಇಳಿಸಿದರೆ ಆ ಗಾಬರಿ ಹೋಗುತ್ತದೆ.

ದಾರಿ ತಪ್ಪುವ ಚಿಂತೆಗೆ ಬರುತ್ತೇನೆ. ಕ್ಯಾಬಿನ್ ಸಂಖ್ಯೆಯ ಮೊದಲ ಒಂದು ಅಥವಾ ಎರಡು ಅಂಕಿಗಳು ಡೆಕ್ಕನ್ನು ಹೇಳುತ್ತವೆ. ಉಳಿದ ಅಂಕಿಗಳು ಹೆಚ್ಚಿನ ಹಡಗುಗಳಲ್ಲಿ ಮುಂಭಾಗದಿಂದ ಹಿಂಭಾಗಕ್ಕೆ ಏರುತ್ತಾ ಹೋಗುತ್ತವೆ. ಓಣಿಯಲ್ಲಿ ಎರಡು ಬಾಗಿಲುಗಳ ಸಂಖ್ಯೆ ನೋಡಿದರೆ ಸಾಕು, ಮುಂದಕ್ಕೆ ನಡೆಯುತ್ತಿದ್ದೀರೋ ಹಿಂದಕ್ಕೋ ಎಂಬುದು ತಿಳಿಯುತ್ತದೆ. ಹಲವು ಸಂಸ್ಥೆಗಳು ಎಡಬದಿಗೆ ಸಮಸಂಖ್ಯೆ, ಬಲಬದಿಗೆ ಬೆಸಸಂಖ್ಯೆ ಕೊಡುತ್ತವೆ, ಎಲ್ಲವೂ ಅಲ್ಲ. ನಿಮ್ಮ ಹಡಗಿನ ಪದ್ಧತಿಯನ್ನು ನಕ್ಷೆಯಲ್ಲಿ ನೋಡಿಕೊಳ್ಳಿ. ಎಡ ಬಲಗಳನ್ನು ಯಾವಾಗಲೂ ಹಡಗಿನ ಮುಂಭಾಗಕ್ಕೆ ಮುಖ ಮಾಡಿ ನಿಂತು ಹೇಳುವುದು ರೂಢಿ. ಲಿಫ್ಟಿನಿಂದ ಹೊರಬಂದ ತಕ್ಷಣ ದಿಕ್ಕು ತಪ್ಪುವುದು ಸಹಜ, ಏಕೆಂದರೆ ಪ್ರತಿ ಡೆಕ್ಕಿನ ಪಡಸಾಲೆಯೂ ಒಂದೇ ರೀತಿ ಕಾಣುತ್ತದೆ. ಅಲ್ಲಿಯೇ ಗೋಡೆಯ ಮೇಲೆ ಹಡಗಿನ ನಕ್ಷೆಯೂ, ನೀವು ನಿಂತಿರುವ ಜಾಗದ ಗುರುತೂ ಇರುತ್ತವೆ. ಹೆಜ್ಜೆ ಎತ್ತುವ ಮೊದಲು ಅದನ್ನು ನೋಡಿ. ಕೆಲವು ಹಡಗುಗಳ ಓಣಿಯ ಜಮಖಾನೆಯಲ್ಲಿ ಮೀನುಗಳ ಚಿತ್ರವಿದ್ದು, ಅವೆಲ್ಲ ಹಡಗಿನ ಮುಂಭಾಗದ ಕಡೆಗೇ ಈಜುತ್ತಿರುತ್ತವೆ. ಎಂಟು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ಮಾವನವರಿಗೆ ಇಂಗ್ಲಿಷ್ ಬಾರದಿದ್ದರೂ ಅಂಕಿಗಳು ತಿಳಿದಿದ್ದರೆ ಓಡಾಟಕ್ಕೆ ಅಡ್ಡಿಯಿಲ್ಲ. ಒಂದು ಗಟ್ಟಿ ಕಾಗದದ ಮೇಲೆ ಕನ್ನಡದಲ್ಲಿ ‘ನಮ್ಮ ಕೋಣೆ: ಹಿಂದಿನ ಲಿಫ್ಟ್, 9ನೇ ಡೆಕ್, ಎಡಗಡೆ’, ‘ಊಟ: ಹಿಂದಿನ ಲಿಫ್ಟ್, 6ನೇ ಡೆಕ್’ ಎಂಬಂತೆ ಬರೆದು ಕೊಡಿ, ಕ್ಯಾಬಿನ್ ಸಂಖ್ಯೆಯನ್ನು ಬಾಗಿಲಿನ ಮೇಲಿರುವ ಅಂಕಿಗಳಲ್ಲೇ ಬರೆಯಿರಿ. ಸುರಕ್ಷತೆಯ ದೃಷ್ಟಿಯಿಂದ ಬಹಳಷ್ಟು ಹಡಗುಗಳಲ್ಲಿ ಕೀಲಿ ಕಾರ್ಡಿನ ಮೇಲೆ ಕ್ಯಾಬಿನ್ ಸಂಖ್ಯೆ ಮುದ್ರಿಸುವುದಿಲ್ಲ. ಆದ್ದರಿಂದ ಆ ಚೀಟಿ ಒಂದು ಜೇಬಿನಲ್ಲಿ, ಕಾರ್ಡು ಇನ್ನೊಂದರಲ್ಲಿ ಇರಲಿ. ಎರಡೂ ಒಟ್ಟಿಗೆ ಕಳೆದುಹೋಗಬಾರದು. ಕ್ಯಾಬಿನ್ ಬಾಗಿಲುಗಳು ಸಾಮಾನ್ಯವಾಗಿ ಉಕ್ಕಿನವಾದ್ದರಿಂದ ಅಯಸ್ಕಾಂತ ಅಂಟಿಕೊಳ್ಳುತ್ತದೆ. ಅವರು ದೂರದಿಂದಲೇ ಗುರುತಿಸಬಲ್ಲ ಚಿತ್ರವಿರುವ ಅಯಸ್ಕಾಂತವೊಂದನ್ನು ಬಾಗಿಲಿಗೆ ಅಂಟಿಸಿದರೆ ಒಂದೇ ಬಣ್ಣದ ನೂರಾರು ಬಾಗಿಲುಗಳ ನಡುವೆ ನಿಮ್ಮದು ಬೇರೆಯಾಗಿ ಕಾಣುತ್ತದೆ. ಹಡಗಿನ ಮೊಬೈಲ್ ಆ್ಯಪ್‌ನಲ್ಲಿ ಡೆಕ್ ನಕ್ಷೆ ಇರುತ್ತದೆ, ಇಂಟರ್ನೆಟ್ ಖರೀದಿಸದೆಯೂ ಹಲವು ಹಡಗುಗಳ ವೈಫೈಯಲ್ಲಿ ಅದು ತೆರೆಯುತ್ತದೆ. ಆದರೂ ಹಿರಿಯರಿಗೆ ಕಾಗದವೇ ಮೇಲು. ಮಕ್ಕಳಿಗೆ ಒಂದು ನಿಯಮ ಮಾಡಿ: ದಾರಿ ತಪ್ಪಿದರೆ ಅಲೆಯಬಾರದು, ಹತ್ತಿರದ ಮೆಟ್ಟಿಲ ಕಟ್ಟೆಗೆ ಹೋಗಿ ಹೆಸರಿನ ಬಿಲ್ಲೆ ಧರಿಸಿದ ಸಿಬ್ಬಂದಿಗೆ ಕ್ಯಾಬಿನ್ ಸಂಖ್ಯೆ ಹೇಳಬೇಕು. ಸಿಬ್ಬಂದಿಗೆ ಮಾತ್ರ ಎಂದು ಬರೆದ ಬಾಗಿಲನ್ನು ತೆರೆಯಬಾರದು.

ನಿಮ್ಮ ಪ್ರಶ್ನೆಯ ಅತಿ ಮುಖ್ಯ ಭಾಗ ತುರ್ತಿನದು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಹಡಗು ಬಂಡೆಗೆ ತಾಗಿ ವಾಲಿದಾಗ 32 ಜನ ಪ್ರಾಣ ಕಳೆದುಕೊಂಡರು. ಅಂದು ಸಂಜೆಯಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಸುರಕ್ಷತಾ ಅಭ್ಯಾಸ ಇನ್ನೂ ಆಗಿರಲಿಲ್ಲ, ಏಕೆಂದರೆ ಆಗಿನ ನಿಯಮ 24 ಗಂಟೆಗಳ ಅವಕಾಶ ಕೊಟ್ಟಿತ್ತು. 2015ರ ಜನವರಿ 1ರಿಂದ ನಿಯಮ ಬದಲಾಗಿ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅಭ್ಯಾಸ ನಡೆಯಲೇಬೇಕು. ಈಗ ಹಲವು ಹಡಗುಗಳಲ್ಲಿ ಫೋನಿನಲ್ಲೋ ಕ್ಯಾಬಿನ್ನಿನ ಟಿವಿಯಲ್ಲೋ ವಿಡಿಯೋ ನೋಡಿ, ಆಮೇಲೆ ನಿಮಗೆ ಗೊತ್ತುಪಡಿಸಿದ ಮಸ್ಟರ್ ಸ್ಟೇಷನ್‌ಗೆ, ಅಂದರೆ ತುರ್ತಿನಲ್ಲಿ ಬಂದು ಸೇರಬೇಕಾದ ಜಾಗಕ್ಕೆ, ಹೋಗಿ ಕಾರ್ಡು ತೋರಿಸಿ ಬಂದರೆ ಮುಗಿಯಿತು. ಅದು ಬೇಗ ಮುಗಿಯುವುದರಿಂದಲೇ ಜನ ಹಗುರವಾಗಿ ಕಾಣುತ್ತಾರೆ. ನೀವು ಹಾಗೆ ಮಾಡಬೇಡಿ. ಕಾರ್ಡು ತೋರಿಸಿದ ಮೇಲೆ ಸಂಜೆ ಬಿಡುವಾದಾಗ, ಅತ್ತೆಯವರನ್ನು ಕ್ಯಾಬಿನ್ನಿನಲ್ಲಿ ವಿಶ್ರಾಂತಿಗೆ ಬಿಟ್ಟು, ನೀವು ಮತ್ತು ಯಜಮಾನರು ಕ್ಯಾಬಿನ್ನಿನಿಂದ ಆ ಜಾಗಕ್ಕೆ ಮೆಟ್ಟಿಲುಗಳ ಮೂಲಕವೇ ಒಮ್ಮೆ ನಡೆದು ನೋಡಿ. ದಾರಿಯ ನಕ್ಷೆ ಕ್ಯಾಬಿನ್ ಬಾಗಿಲಿನ ಒಳಬದಿಯಲ್ಲೇ ಇರುತ್ತದೆ.

ತುರ್ತಿನ ಸಂಕೇತ ಏಳು ಅಥವಾ ಅದಕ್ಕಿಂತ ಹೆಚ್ಚು ಗಿಡ್ಡ ಸದ್ದುಗಳು, ಆಮೇಲೆ ಒಂದು ದೀರ್ಘ ಸದ್ದು. ಅದು ಕೇಳಿದ ಮೇಲೆ ಲಿಫ್ಟಿನ ಕಡೆಗೆ ಹೋಗಬಾರದು. ವಿದ್ಯುತ್ ಹೋದರೆ ಲಿಫ್ಟ್ ನಡುವೆ ಸಿಲುಕುತ್ತದೆ, ಅದರ ಕೊಳವೆಯಲ್ಲಿ ಹೊಗೆ ಮೇಲೇರುತ್ತದೆ, ಹಡಗು ವಾಲಿದರೆ ಲಿಫ್ಟ್ ಚಲಿಸಲಾರದು. ಮೆಟ್ಟಿಲುಗಳ ಸುತ್ತಲಿನ ಗೋಡೆಗಳಾದರೋ ಬೆಂಕಿಯನ್ನು ತಡೆಯುವಂತೆ ಕಟ್ಟಿದವು. ಹೊಗೆ ತುಂಬಿದಾಗಲೂ ದಾರಿ ಕಾಣಲೆಂದು ನೆಲದಿಂದ 30 ಸೆಂಟಿಮೀಟರಿನೊಳಗೆ ಬೆಳಕಿನ ಪಟ್ಟಿಗಳಿರುತ್ತವೆ. ಮೆಟ್ಟಿಲುಗಳಲ್ಲಿ ದಾರಿ ತೋರಲು ಸಿಬ್ಬಂದಿ ನಿಂತಿರುತ್ತಾರೆ. ಅತ್ತೆಯವರಂಥವರಿಗಾಗಿ ಪ್ರತ್ಯೇಕ ವ್ಯವಸ್ಥೆಯೂ ಇದೆ. ವಿಶೇಷ ನೆರವು ಬೇಕಾದವರ ವಿವರವನ್ನು ಹಡಗು ಹೊರಡುವ ಮೊದಲೇ ದಾಖಲಿಸಿ ಕ್ಯಾಪ್ಟನ್ನರಿಗೆ ತಿಳಿಸಬೇಕೆಂದು ಅದೇ ಸೋಲಾಸ್ ಒಪ್ಪಂದ ಹೇಳುತ್ತದೆ. ಆದರೆ ನೀವು ತಿಳಿಸದೆ ಅವರಿಗೆ ತಿಳಿಯುವುದಿಲ್ಲ. ಬುಕಿಂಗ್ ಮಾಡುವಾಗ ವಿಶೇಷ ನೆರವಿನ ಅರ್ಜಿಯಲ್ಲಿ ‘ಮೆಟ್ಟಿಲು ಇಳಿಯಲು ಸಹಾಯ ಬೇಕು’ ಎಂದು ಸ್ಪಷ್ಟವಾಗಿ ಬರೆಯಿಸಿ, ಹಡಗು ಹತ್ತಿದ ದಿನ ಸ್ವಾಗತ ಕಟ್ಟೆಯಲ್ಲಿ ಆ ದಾಖಲೆ ಬಂದಿದೆಯೇ ಎಂದು ಮತ್ತೊಮ್ಮೆ ಕೇಳಿ, ತುರ್ತಿನಲ್ಲಿ ಅತ್ತೆಯವರನ್ನು ಕರೆದೊಯ್ಯುವ ಕ್ರಮವನ್ನು ವಿವರವಾಗಿ ಕೇಳಿ ತಿಳಿದುಕೊಳ್ಳಿ. ನಾಲ್ಕು ರಾತ್ರಿಯ ಪ್ರವಾಸದಲ್ಲಿ ಇದಕ್ಕಿಂತ ಮುಖ್ಯವಾದ ಹತ್ತು ನಿಮಿಷ ಇನ್ನೊಂದಿಲ್ಲ. ಮಕ್ಕಳು ಆ ಹೊತ್ತಿನಲ್ಲಿ ಈಜುಕೊಳದಲ್ಲೋ ಮಕ್ಕಳ ಕೋಣೆಯಲ್ಲೋ ಇದ್ದರೆ ಅವರನ್ನು ಹುಡುಕಲು ಯಾರು ಹೋಗಬೇಕು, ಅತ್ತೆಯವರ ಜೊತೆ ಯಾರಿರಬೇಕು ಎಂಬುದನ್ನು ಮೊದಲೇ ಹಂಚಿಕೊಳ್ಳಿ.

ಸಮುದ್ರ ಒರಟಾದ ದಿನ ಮೆಟ್ಟಿಲಲ್ಲಿ ಎಲ್ಲರೂ ಹಿಡಿಕಂಬಿ ಹಿಡಿಯಲೇಬೇಕು. ಅದನ್ನು ಸಾವಿರ ಕೈಗಳು ಮುಟ್ಟಿರುತ್ತವೆ, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಿರಿ. ತೆರೆದ ಡೆಕ್ಕಿಗೆ ಹೋಗುವ ಬಾಗಿಲುಗಳಲ್ಲಿ ನೀರು ಒಳಬಾರದಂತೆ ಎತ್ತರದ ಹೊಸ್ತಿಲು ಇರುತ್ತದೆ, ಗಾಳಿಗೆ ಬಾಗಿಲು ರಭಸದಿಂದ ಬಡಿಯುತ್ತದೆ. ಅತ್ತೆಯವರು ದಾಟುವಾಗ ಒಬ್ಬರು ಬಾಗಿಲು ಹಿಡಿಯಬೇಕು, ಇನ್ನೊಬ್ಬರು ಅವರ ಕೈ ಹಿಡಿಯಬೇಕು.

ಬಂದರುಗಳಲ್ಲಿ ಇಳಿಯುವ ವಿಷಯವನ್ನೂ ಬುಕಿಂಗಿಗೆ ಮೊದಲೇ ಕೇಳಿ. ಹಡಗು ದಕ್ಕೆಗೆ ಬಂದು ನಿಂತರೆ ಇಳಿಜಾರು ಹಲಗೆಯ ಮೇಲೆ ನಡೆದು ಇಳಿಯಬಹುದು; ಉಬ್ಬರವಿಳಿತಕ್ಕೆ ತಕ್ಕಂತೆ ಅದರ ಇಳಿಜಾರು ಬದಲಾಗುತ್ತದೆ, ಕೆಲವೊಮ್ಮೆ ಇಳಿಯುವ ಡೆಕ್ಕೇ ಬದಲಾಗುತ್ತದೆ. ಹಡಗು ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಒಯ್ಯುವ ಕಡೆ, ಉದಾಹರಣೆಗೆ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಪ್ರವಾಸಗಳಲ್ಲಿ, ತೂಗಾಡುವ ದೋಣಿಗೆ ಕಾಲಿಡಬೇಕಾಗುತ್ತದೆ. ಅಲೆ ಜೋರಾಗಿದ್ದರೆ ಕೋಲು ಹಿಡಿದವರನ್ನು ಸಿಬ್ಬಂದಿ ಇಳಿಸದೇ ಇರಬಹುದು, ಅದು ಅವರ ಕರ್ತವ್ಯ. ಅಂಥ ಬಂದರಿನ ದಿನ ಅತ್ತೆಯವರು ಹಡಗಿನಲ್ಲೇ ಉಳಿಯಲಿ, ಜೊತೆಗೆ ಒಬ್ಬರು ಇರಲಿ. ಜನರೆಲ್ಲ ಇಳಿದ ಮೇಲೆ ಲಿಫ್ಟ್‌ಗಳು ಖಾಲಿಯಿರುವುದರಿಂದ ಮೇಲಿನ ಡೆಕ್‌ಗಳನ್ನೆಲ್ಲ ನಿಧಾನವಾಗಿ ಅವರಿಗೆ ತೋರಿಸಲು ಅದೇ ಸರಿಯಾದ ದಿನ.

ಕೊನೆಯ ಬೆಳಗ್ಗೆ ಸಿಂಗಪುರದಲ್ಲಿ ಇಳಿಯುವಾಗ ಎಲ್ಲರೂ ಒಂದೇ ಡೆಕ್ಕಿಗೆ ಹೊರಡುವುದರಿಂದ ಲಿಫ್ಟ್‌ಗಳ ಮುಂದೆ ದೊಡ್ಡ ಸಾಲು ಇರುತ್ತದೆ. ಹಿಂದಿನ ಸಂಜೆಯೇ ಸ್ವಾಗತ ಕಟ್ಟೆಗೆ ಹೋಗಿ ಗಾಲಿಕುರ್ಚಿಯ ನೆರವನ್ನು ಹೆಸರು ಬರೆಸಿ ಕಾದಿರಿಸಿ, ದೊಡ್ಡ ಪೆಟ್ಟಿಗೆಗಳನ್ನು ಅವರು ಹೇಳಿದ ಹೊತ್ತಿಗೆ ಬಾಗಿಲ ಹೊರಗಿಟ್ಟು ಸಿಬ್ಬಂದಿಗೆ ಒಪ್ಪಿಸಿ, ಅತ್ತೆಯವರ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಮರಳಿ ಹೈದರಾಬಾದಿಗೆ ವಿಮಾನವನ್ನು ಅಂದು ಮಧ್ಯಾಹ್ನದ ನಂತರಕ್ಕೆ ತೆಗೆದುಕೊಂಡರೆ ಕೊನೆಯ ತಂಡದೊಂದಿಗೆ ನೆಮ್ಮದಿಯಿಂದ ಇಳಿಯಬಹುದು.